ಸೇತುವೆ ಏರದ ಕಾರು

ಕಲ್ಲಂಗಡಿ ಹೇರಿದ ಕತ್ತೆಗಾಡಿಯೊಂದು ಸೇತುವೆಯ ಏರಿನಲ್ಲಿ ತನ್ನ ಕಾರನ್ನು ಹಿಂದೆ ಹಾಕಿ ಮುಂದೆ ಹೋದಾಗ ಫಾಖಿರ್‌ಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅವನ ಬಲಗಾಲು ಆಕ್ಸಿಲರೇಟರನ್ನು ನೆಲಕ್ಕೆ ಅದುಮಿ ಹಿಡಿದಿತ್ತು. ಎಂಜಿನ್ನು ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು. ಕಾರು ಮಾತ್ರ ಅತ್ತೆಮನೆಯಲ್ಲಿ ಭರ್ಜರಿ ಊಟ ಮುಗಿಸಿದ ಅಳಿಯನ ಹಾಗೆ ತೂಕಡಿಸುತ್ತ ತೆವಳುತ್ತಿತ್ತು. ಗಾಡಿಯವನು ಪಕ್ಕಕ್ಕೆ ಬಂದಾಗ ತುಸು ಬಗ್ಗಿ ಒಳಗೆ ನೋಡಿ, "ಹಗ್ಗ ಇದೆ ಅಣ್ಣ, ಕಟ್ಕೋತೀಯಾ?" ಎಂದು ಕೇಳಿದ. ಅವನು ತಮಾಷೆಗೆ ಕೇಳಿರಲಿಲ್ಲ. ಅದೇ ಫಾಖಿರ್‌ನನ್ನು ಹೆಚ್ಚು ಚುಚ್ಚಿತು.

ಬಸ್ರಾದ ಆಗಸ್ಟ್ ಅದು. ಬೆಳಗಿನ ಹೊತ್ತಿಗೇ ರಸ್ತೆಯ ಟಾರು ಚಪ್ಪಲಿಗೆ ಅಂಟುತ್ತಿತ್ತು. ವಸಂತದವರೆಗೆ ನೆಟ್ಟಗೆ ಓಡುತ್ತಿದ್ದ ಕಾರು, ಬಿಸಿಲು ಏರಿದಂತೆಲ್ಲ ತಾನು ಇಳಿಯುತ್ತ ಬಂದಿತ್ತು. ಖರ್ಜೂರದ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ ಫಾಖಿರ್ ದಿನಾ ಶತ್ತುಲ್ ಅರಬ್ ನದಿ ದಾಟಿ ಕೆಲಸಕ್ಕೆ ಹೋಗಬೇಕು. ಸೇತುವೆಯ ಬುಡದಿಂದ ನೆತ್ತಿ ಮುಟ್ಟುವಷ್ಟರಲ್ಲಿ ಅವನ ಹಿಂದೆ ಲಾರಿಗಳ ಮೆರವಣಿಗೆಯೇ ಸೇರುತ್ತಿತ್ತು. ಬೈದವರಿಗೆ ತಿರುಗಿ ಬೈಯುವ ಎದೆಗಾರಿಕೆ ಅವನಿಗಿರಲಿಲ್ಲ. ಎಲ್ಲರಿಗೂ ಕೈ ಎತ್ತಿ ಸಲಾಮು ಮಾಡುತ್ತಿದ್ದ.

ಕತ್ತೆಗಾಡಿ ಕಣ್ಮರೆಯಾದ ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ನಜ್ಲಾಳ ಫೋನು ಬಂತು.

"ರೀ, ಎಲ್ಲಿದೀರಿ?"

"ಸೇತುವೆ ಮೇಲೆ."

"ಆಗಲೇ ಮಾಡಿದಾಗಲೂ ಸೇತುವೆ ಮೇಲೇ ಅಂದ್ರಿ."

"ಆಗ ಆ ಕಡೆ ಇದ್ದೆ, ಈಗ ಮಧ್ಯಕ್ಕೆ ಬಂದಿದೀನಿ."

"ಹಾಗಾದ್ರೆ ಅಲ್ಲಿಂದಲೇ ತಿರುಗಿಸಿ. ಹಾಜಿ ಶನ್‌ಶೂಲ್ ಇವತ್ತು ಸಾಯಂಕಾಲ ಬರ್ತಾರಂತೆ. ಒಬ್ಬರೇ. ನೀವೇ ಹೋಗಿ ಕಾರಲ್ಲಿ ಕರಕೊಂಡು ಬರಬೇಕಂತೆ."

ಫಾಖಿರ್‌ನ ಒಬ್ಬಳೇ ಮಗಳು ಸೌಸನ್ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಕೆಲಸ ಮಾಡುವ ಮೈಸಮ್ ಎಂಬ ಹುಡುಗನಿಗೂ ಅವಳಿಗೂ ಮನಸ್ಸು ಕೂಡಿತ್ತು. ಎರಡೂ ಕಡೆಯ ತಾಯಂದಿರು ಒಪ್ಪಿಯಾಗಿತ್ತು. ಉಳಿದಿದ್ದವರು ಹುಡುಗನ ತಂದೆ ಹಾಜಿ ಶನ್‌ಶೂಲ್, ಪೊಲೀಸು ಇಲಾಖೆಯಿಂದ ನಿವೃತ್ತರಾದ ಗಟ್ಟಿ ಮುದುಕ. ಹೆಣ್ಣಿನ ಮನೆಗೆ ಹಿರಿಯರನ್ನು ಕರೆತರುವ ಮೊದಲು ತಾವೊಬ್ಬರೇ ಬಂದು ನೋಡುವುದು ಅವರ ಪದ್ಧತಿ. ಒಪ್ಪಿದರೆ ಚಹಾ ಕುಡಿಯುತ್ತಾರೆ, ಒಪ್ಪದಿದ್ದರೆ ಲೋಟ ಮುಟ್ಟದೆ ಏಳುತ್ತಾರೆ. ಈ ಬೇಸಿಗೆಯಲ್ಲೇ ಎರಡು ಮನೆಗಳಲ್ಲಿ ಚಹಾ ಆರಿಹೋಗಿತ್ತು.

"ನಜ್ಲಾ, ಈ ಕಾರಲ್ಲಿ ಅವರನ್ನ ಕೂರಿಸಿಕೊಂಡ್ರೆ ಸೇತುವೆ ಹತ್ತೋದೇ ಇಲ್ಲ."

"ಅದು ನಂಗೊತ್ತಿಲ್ಲ. ಹತ್ತಿಸಿ," ಎಂದು ನಜ್ಲಾ ಫೋನಿಟ್ಟಳು.

ಫಾಖಿರ್ ಉಗ್ರಾಣಕ್ಕೆ ರಜೆ ಹೇಳಿ ತನ್ನ ಓಣಿಗೆ ವಾಪಸಾದ. ಮನೆಯ ಮುಂದಿನ ಖರ್ಜೂರದ ಮರದ ನೆರಳಿಗೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ಬಸ್ರಾದಲ್ಲಿ ಹಗಲು ಹೊತ್ತು ಬಾನೆಟ್ ಎತ್ತುವುದೂ ಒಂದೇ, ಊರಿಗೆ ಡಂಗುರ ಹೊಡೆಸುವುದೂ ಒಂದೇ.

ಮೊದಲು ಬಂದವನು ಎದುರು ಮನೆಯ ರೊಟ್ಟಿ ಭಟ್ಟಿಯ ದಾಖಿಲ್. ಅವನ ದಪ್ಪ ಮೀಸೆಯ ಮೇಲೆ ಯಾವಾಗಲೂ ಹಿಟ್ಟಿನ ಧೂಳು ಕೂತಿರುತ್ತಿತ್ತು.

"ಏನಾಯ್ತು ಅಬೂ ಸೌಸನ್?" ಓಣಿಯಲ್ಲಿ ಎಲ್ಲರೂ ಫಾಖಿರ್‌ನನ್ನು ಹೀಗೆ ಮಗಳ ಹೆಸರು ಹಿಡಿದೇ ಕರೆಯುತ್ತಿದ್ದರು.

"ಎಷ್ಟು ಒತ್ತಿದ್ರೂ ಓಡಲ್ಲ. ಬಿಸಿಲು ಏರಿದ ಹಾಗೆ ಇನ್ನೂ ಮೋಸ. ರಾತ್ರಿ ತಂಪಾದ್ರೆ ಒಂಚೂರು ಪರವಾಗಿಲ್ಲ."

"ಇನ್ನೇನು ಹೇಳೋದಿದೆ? ಪೆಟ್ರೋಲು ಪೈಪಲ್ಲೇ ಕುದೀತಿದೆ. ದಿನವೆಲ್ಲ ಬೆಂಕಿ ಮುಂದೆ ನಿಲ್ಲೋನು ನಾನು. ಶಾಖದ ವಿಷಯ ನನಗೆ ಹೇಳ್ಕೊಡಬೇಡ." ದಾಖಿಲ್ ಒಳಗೆ ಹೋಗಿ ಮಂಜುಗಡ್ಡೆ ತಂದು, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿ ಪೆಟ್ರೋಲು ಪೈಪಿಗೆ ಕಟ್ಟತೊಡಗಿದ. ಗಂಟು ಬಿಗಿಯಾಗಲಿ ಎಂದು ರೊಟ್ಟಿ ಹಿಟ್ಟು ನಾದುವ ತೋಳಿನಿಂದ ಒಮ್ಮೆ ಎಳೆದ. ಪೈಪಿನ ಕೊನೆ ತುಸು ಸಡಿಲಾಯಿತು. ಅದನ್ನು ಅವನೂ ನೋಡಲಿಲ್ಲ, ಫಾಖಿರನೂ ನೋಡಲಿಲ್ಲ.

ಅಷ್ಟರಲ್ಲಿ ಮೂರನೇ ಮನೆಯ ಬದ್ರಿಯಾ ಖಾಲಾ, ಓಣಿಗೆಲ್ಲ ಚಿಕ್ಕಮ್ಮ, ಬಂದಳು. ಓಣಿಯ ಅರ್ಧ ಜನರ ಹೆರಿಗೆ ಮಾಡಿಸಿದವಳಾದ್ದರಿಂದ ಆಕೆಗೆ ಯಾರ ಮನೆಯ ಯಾವ ವಿಷಯದಲ್ಲೂ ಅನುಮತಿ ಬೇಕಿರಲಿಲ್ಲ. ಕೈಯಲ್ಲಿ ಕೆಂಡದ ತಟ್ಟೆ, ಅದರ ಮೇಲೆ ದೃಷ್ಟಿ ತೆಗೆಯುವ ಹರ್ಮಲ್ ಬೀಜದ ಹೊಗೆ.

"ದೃಷ್ಟಿ ಕಣೋ ಇದು. ಹೊಸ ಸೀಟ್ ಕವರ್ ಹಾಕಿಸಿದ ದಿನವೇ ಅಂದ್ಕೊಂಡೆ, ಇವನಿಗೆ ಕಾದಿದೆ ಅಂತ. ಸರಕೊಳ್ರೋ ಪಕ್ಕಕ್ಕೆ."

"ಖಾಲಾ, ಕಾರಿಗೆ ಎಂಥಾ ದೃಷ್ಟಿ?"

"ಮಗುವಿಗೆ ಆಗ್ತದೆ, ಎಮ್ಮೆಗೆ ಆಗ್ತದೆ, ನಿನ್ನ ಕಾರೇನು ಬಾನಿಂದ ಇಳಿದು ಬಂತಾ?" ಎಂದು ಆಕೆ ಕೆಂಡದ ತಟ್ಟೆಯನ್ನು ಎಂಜಿನ್ನಿನ ಮೇಲೆ ಒಂದು ಸುತ್ತು ಸುಳಿಸಿದಳು.

ಭುಗ್ ಎಂದಿತು.

ಬೆಂಕಿ ಎದ್ದದ್ದೂ ಆರಿದ್ದೂ ಒಂದು ಸೀನಿನಷ್ಟು ಹೊತ್ತು. ದಾಖಿಲ್‌ನ ಕೈಯಲ್ಲಿ ಒದ್ದೆ ಚೀಲ ಇದ್ದದ್ದು ಕಾರನ್ನು ಉಳಿಸಿತು. ಅವನ ಮೀಸೆಯ ಎಡಭಾಗವನ್ನು ಉಳಿಸಲಾಗಲಿಲ್ಲ. ದಾಖಿಲ್ ಮೆಲ್ಲಗೆ ಕೈ ಎತ್ತಿ ಮೂಗಿನ ಕೆಳಗೆ ಸವರಿಕೊಂಡ, ಬಲಕ್ಕೆ ಸವರಿದ, ಮತ್ತೆ ಎಡಕ್ಕೆ ಬಂದ.

"ನೋಡಿದ್ರಾ," ಎಂದಳು ಬದ್ರಿಯಾ ಖಾಲಾ ಪಿಸುದನಿಯಲ್ಲಿ, "ಎಂಥಾ ಕೆಟ್ಟ ದೃಷ್ಟಿ ಹೊರಗೆ ಬಂತು ಅಂತ."

ಈ ಗದ್ದಲಕ್ಕೆ ಓಣಿಯ ಕೊನೆಯಲ್ಲಿದ್ದ ಮೆಕ್ಯಾನಿಕ್ ಹ್ರಾಂತ್ ಮಧ್ಯಾಹ್ನದ ನಿದ್ದೆ ಕೆಟ್ಟು ಪಾಯಿಜಾಮದಲ್ಲೇ ಬಂದ. ಅರ್ಮೇನಿಯನ್ನರ ಪೈಕಿ ತನ್ನಂಥ ಮೆಕ್ಯಾನಿಕ್ ಇನ್ನೊಬ್ಬನಿಲ್ಲ ಎಂದು ಅವನೇ ಹೇಳುತ್ತಿದ್ದ. ಬೇರೆ ಯಾರೂ ಹೇಳಿದ್ದು ಯಾರಿಗೂ ನೆನಪಿಲ್ಲ.

"ಹಡಗಿನ ಎಂಜಿನ್ ಬಿಚ್ಚಿದ ಕೈ ಇದು," ಎನ್ನುತ್ತ ಅವನು ಮೊದಲು ಪೈಪು ಬಿಗಿಮಾಡಿದ. ಆಮೇಲೆ ಕರಿ ಡಬ್ಬಿಯೊಂದರ ಮುಚ್ಚಳ ತೆಗೆದು ಏರ್ ಫಿಲ್ಟರನ್ನು ಎತ್ತಿ ಹಿಡಿದ. ಬೇಸಿಗೆಯಿಡೀ ಬೀಸಿದ ಧೂಳುಗಾಳಿಯೆಲ್ಲ ಅದರಲ್ಲಿ ಮನೆ ಮಾಡಿತ್ತು. ಒಂದು ತಟ್ಟು ತಟ್ಟಿದ್ದಕ್ಕೆ ಬದ್ರಿಯಾ ಖಾಲಾಳ ಕರಿ ನಿಲುವಂಗಿ ಅಬಾಯಾ ಬಿಳಿಯಾಯಿತು.

"ಮೈದಾ ಚೀಲದಲ್ಲೂ ಇಷ್ಟು ಇರಲ್ಲ," ಎಂದ ದಾಖಿಲ್, ಒಂದು ಕಡೆಯ ಮೀಸೆಯಲ್ಲಿ.

"ಇದಲ್ಲದೆ ಇಲ್ಲಿ ನೋಡು. ಮುಂದಿನಿಂದ ತಂಪು ಗಾಳಿ ತರೋ ಕೊಳವೆ ಕಳಚಿ ಬಿದ್ದುಹೋಗಿದೆ. ಎಂಜಿನ್ನು ರೇಡಿಯೇಟರ್ ಉಗುಳಿದ ಬಿಸಿಗಾಳಿಯನ್ನೇ ಕುಡೀತಿದೆ. ನಿನ್ನ ಮುಖಕ್ಕೆ ಕಾದ ಕಂಬಳಿ ಹೊದಿಸಿ, ಬೆನ್ನ ಮೇಲೆ ಎಸಿ ಹೊರಿಸಿ, ಗುಡ್ಡ ಹತ್ತು ಅಂದ್ರೆ ಹತ್ತುತೀಯಾ ಅಬೂ ಸೌಸನ್?"

ಫಾಖಿರ್‌ಗೆ ಕಾರಿನ ಮೇಲೆ ಮೊದಲ ಬಾರಿಗೆ ಕರುಣೆ ಬಂತು. "ಹಾಗಾದ್ರೆ ಹೊಸ ಫಿಲ್ಟರ್ ಹಾಕು."

"ಈ ಬಿಸಿಲಲ್ಲಿ ಯಾವನು ಅಂಗಡಿ ತೆಗೆದಿರ್ತಾನೆ? ಸಾಯಂಕಾಲದವರೆಗೆ ಎಲ್ಲ ಮುಚ್ಚಿರ್ತವೆ. ಇದ್ದದ್ದರಲ್ಲಿ ಮಾಡ್ತೀನಿ, ನೋಡ್ತಿರು."

ಇದ್ದದ್ದು ಎಂದರೆ ಏನೇನು ಎಂದು ಫಾಖಿರ್‌ಗೆ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ದಾಖಿಲ್‌ನ ಭಟ್ಟಿಯ ತಗಡಿನ ಹೊಗೆಕೊಳವೆ ಬಂತು. ಅದರ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಾರಿನ ಮೂತಿಯಿಂದ ಹೊರಕ್ಕೆ. ಫಿಲ್ಟರಿನ ಜಾಗಕ್ಕೆ ತೆಳು ಬಟ್ಟೆ ಬೇಕಾಯಿತು. ಸಾಯಂಕಾಲಕ್ಕೆಂದು ನಜ್ಲಾ ಇಸ್ತ್ರಿ ಮಾಡಿಟ್ಟಿದ್ದ ರೇಷ್ಮೆಯ ತಲೆವಸ್ತ್ರವನ್ನು ಬದ್ರಿಯಾ ಖಾಲಾ ತಂದು ಕೊಟ್ಟಳು. ಯಾರನ್ನೂ ಕೇಳಿರಲಿಲ್ಲ. ಎಂಜಿನ್ನಿಗೆ ಹೊರೆ ಕಡಿಮೆಯಾಗಲಿ ಎಂದು ಹ್ರಾಂತ್ ಎಸಿಯ ಬೆಲ್ಟು ಕಳಚಿ ಮರಕ್ಕೆ ನೇತುಹಾಕಿದ. ಕೊನೆಗೆ ಆಕ್ಸಿಲರೇಟರಿನ ತಂತಿ ಜೋತು ಬಿದ್ದಿದೆ ಎಂದು ಅದನ್ನೂ ಎಳೆದು ಬಿಗಿದ.

"ಹಾಜಿಯವರಿಗೆ ಸೆಕೆ ಆಗಲ್ವಾ?" ಎಂದ ಫಾಖಿರ್.

"ಕಾಲ ಹತ್ರ ಒಂದು ಬೋಗುಣಿ ಮಂಜುಗಡ್ಡೆ ಇಡು. ನಮ್ಮಜ್ಜಂದಿರು ಹೀಗೇ ಬದುಕಿದ್ದು," ಎಂದ ದಾಖಿಲ್.

ಫಾಖಿರ್ ಕಾರು ಹತ್ತಿ, ಕೀ ತಿರುಗಿಸಿ, ಅಭ್ಯಾಸಬಲದಿಂದ ಆಕ್ಸಿಲರೇಟರನ್ನು ಪೂರ್ತಿ ಅದುಮಿದ. ಮುಂದಿನದು ಅವನಿಗೆ ಸರಿಯಾಗಿ ನೆನಪಿಲ್ಲ. ಓಣಿಯ ಗೋಡೆಗಳು ಎರಡೂ ಕಡೆ ಓಡಿದವು. ಯಾರದೋ ಕೋಳಿ ಹಾರಿತು. ಬ್ರೇಕು ಒತ್ತಿ ಕಣ್ಣು ಬಿಟ್ಟಾಗ ಕಾರು ಓಣಿಯ ಕೊನೆಯ ಗೋಡೆಗೆ ಮೂಗು ತಾಗಿಸುವಂತೆ ನಿಂತಿತ್ತು. ಗೋಡೆಗೂ ತಗಡಿನ ಕೊಳವೆಗೂ ನಡುವೆ ಒಂದು ಬಿಸ್ಕತ್ತು ತೂರುವಷ್ಟು ಜಾಗ. ಫಾಖಿರ್ ಇಳಿದು ಬಂದಾಗ ಅವನ ಮುಖ ನಗುತ್ತಿತ್ತು.

"ನನ್ನ ಮಂಜುಗಡ್ಡೆ," ಎಂದ ದಾಖಿಲ್.

"ನಿನ್ನ ಮಂಜುಗಡ್ಡೆ ಕರಗಿ ಎಷ್ಟು ಹೊತ್ತಾಯ್ತು. ನನ್ನ ಕೈ ಅದು," ಎಂದ ಹ್ರಾಂತ್.

"ಕೆಂಡ ಸುಳಿಸಿದ ಮೇಲೇ ತಾನೇ ಎಲ್ಲ ಸರಿಹೋಗಿದ್ದು?" ಎಂದಳು ಬದ್ರಿಯಾ ಖಾಲಾ. ಅವರ ಜಗಳ ನಡೆಯುತ್ತಿರುವಾಗಲೇ ಫಾಖಿರ್ ಸ್ನಾನ ಮಾಡಿ, ಅಂಗಿ ಬದಲಿಸಿ, ನದಿಯಾಚೆಗೆ ಹೊರಟ.

ಹಾಜಿ ಶನ್‌ಶೂಲ್ ಗಂಜಿ ಹಾಕಿದ ಬಿಳಿ ನಿಲುವಂಗಿಯಲ್ಲಿ, ತಲೆಯ ಬಟ್ಟೆಯ ಮೇಲೆ ಕರಿ ಅಗಾಲಿನ ಬಳೆ ಏರಿಸಿ, ಬಾಗಿಲಲ್ಲೇ ಕಾದಿದ್ದರು. ಫಾಖಿರ್‌ನನ್ನು ಕಂಡು ಅವರ ಮುಖ ಅರಳಿತು. ಕಾರಿನ ಮೂತಿಯಿಂದ ಹೊರಬಂದ ಕೊಳವೆಯನ್ನು ಕಂಡಾಗ ತುಸು ಮುದುಡಿತು. ಮುಂದಿನ ಸೀಟಿನಲ್ಲಿ ಕೂತು ಕಾಲ ಬಳಿಯ ಬೋಗುಣಿ ನೋಡಿದರು.

"ಇದೇನು?"

"ಎಸಿ, ಹಾಜಿಯವರೇ."

ಹಾಜಿ ಕಾಲನ್ನು ತುಸು ಪಕ್ಕಕ್ಕೆ ಸರಿಸಿಕೊಂಡರು. ಊರೊಳಗೆ ಫಾಖಿರ್ ಹುಷಾರಾಗಿಯೇ ಓಡಿಸಿದ. ಆದರೆ ಸೇತುವೆಯ ಏರು ಕಂಡ ಕೂಡಲೇ, ಬೇಸಿಗೆಯೆಲ್ಲ ಅಲ್ಲಿ ನೆಲ ಮುಟ್ಟುತ್ತಿದ್ದ ಬಲಗಾಲು ಅವನನ್ನು ಕೇಳದೆಯೇ ನೆಲ ಮುಟ್ಟಿತು.

ಕಾರು ಮುಂದಿನ ಎರಡು ಚಕ್ರ ಎತ್ತಿತೇನೋ ಅನ್ನಿಸುವಂತೆ ಚಿಮ್ಮಿತು. ಬೋಗುಣಿ ಮಗುಚಿ, ಮಂಜುಗಡ್ಡೆಯೂ ನೀರೂ ಹಾಜಿಯವರ ಮಡಿಲಿಗೆ ಬಂದವು. ಕಿಟಕಿಯಿಂದ ನುಗ್ಗಿದ ಗಾಳಿಗೆ ತಲೆಯ ಬಟ್ಟೆ ಎದ್ದು, ಅಗಾಲ್ ಚಕ್ರದಂತೆ ತಿರುಗುತ್ತ ನದಿಯ ಕಡೆ ಹಾರಿತು. ಅವರು ಒಂದು ಲಾರಿಯನ್ನು, ಒಂದು ಬಸ್ಸನ್ನು, ಕೊನೆಗೆ ಸೈರನ್ ಕೂಗಿಸುತ್ತಿದ್ದ ಒಂದು ಆಂಬುಲೆನ್ಸನ್ನು ಹಿಂದೆ ಹಾಕಿದರು. ಆಂಬುಲೆನ್ಸಿನವನು ಬೆರಗಾಗಿ ದಾರಿ ಬಿಟ್ಟ. ಫಾಖಿರ್‌ಗೆ ಒಳಗೊಳಗೇ ಹೆಮ್ಮೆಯಾಯಿತು. ಹಾಜಿಯವರ ಕಡೆ ನೋಡಿದ. ಅವರು ಎರಡೂ ಕೈಯಲ್ಲಿ ಸೀಟನ್ನು ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಾರ್ಥನೆ ಹೇಳುತ್ತಿದ್ದರು.

ಮನೆಯಲ್ಲಿ ಅವರನ್ನು ಕೂರಿಸಿದಾಗ ನಿಲುವಂಗಿಯ ಗಂಜಿ ಪೂರಾ ಇಳಿದುಹೋಗಿತ್ತು. ನಜ್ಲಾ ಹಳೆಯ ತಲೆವಸ್ತ್ರದಲ್ಲೇ ಚಹಾ ತಂದಿಟ್ಟಳು. ಹಾಜಿ ಲೋಟವನ್ನು ಮುಟ್ಟಲಿಲ್ಲ.

"ಫಾಖಿರ್," ಎಂದರು, "ನಾನು ಇಲಾಖೆಯಲ್ಲಿ ಏನು ಮಾಡ್ತಿದ್ದೆ ಗೊತ್ತಾ ನಿನಗೆ? ಅಪಘಾತ ಆದ ಜಾಗಕ್ಕೆ ಹೋಗೋದು. ಬರೀ ಅದೇ. ಗಾಡಿ ಓಡಿಸೋ ರೀತಿ ನೋಡಿ ಮನುಷ್ಯ ಎಂಥೋನು ಅಂತ ಹೇಳಬಲ್ಲೆ. ರಿಟೈರ್ ಆದ ಮೇಲೆ ಸೇತುವೆ ಬುಡದ ಚಹಾ ಅಂಗಡೀಲಿ ಕೂರ್ತೀನಿ. ಈ ಬೇಸಿಗೆಯೆಲ್ಲ ನಿನ್ನನ್ನ ನೋಡಿದೆ."

"ನನ್ನನ್ನಾ?"

"ಎಲ್ಲರೂ ಸಾಯೋಕೆ ಓಡೋ ಸೇತುವೆ ಮೇಲೆ ಒಬ್ಬನೇ ಒಬ್ಬ ಮನುಷ್ಯ ನಿಧಾನವಾಗಿ ಹೋಗ್ತಿದ್ದ. ಹಿಂದಿನವರು ಬೈದ್ರೆ ಸಲಾಮು ಮಾಡ್ತಿದ್ದ. ಇವತ್ತು ಬೆಳಗ್ಗೆ ಕತ್ತೆಗಾಡಿಗೂ ದಾರಿ ಬಿಟ್ಟ. ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ ಹೇಳಿದೆ, ಈ ತಾಳ್ಮೆಯ ಮನೇಲಿ ಬೆಳೆದ ಹುಡುಗಿ ನಮ್ಮ ಮನೆಗೆ ಬರಬೇಕು, ಇವತ್ತೇ ಹೋಗ್ತೀನಿ ಅಂತ." ಹಾಜಿ ತಮ್ಮ ಒದ್ದೆ ಮಡಿಲನ್ನು ನೋಡಿಕೊಂಡರು. "ಆಂಬುಲೆನ್ಸ್‌ನ ಹಿಂದೆ ಹಾಕಿದೋನನ್ನ ನಾನು ಇದೇ ಮೊದಲು ನೋಡಿದ್ದು."

ಪರದೆಯ ಹಿಂದೆ ಏನೋ ಬಿದ್ದ ಸದ್ದಾಯಿತು. ಸೌಸನ್ ಸಕ್ಕರೆ ಡಬ್ಬಿ ಕೈಬಿಟ್ಟಿದ್ದಳು.

ಫಾಖಿರ್ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ತಾಳ್ಮೆ ತನ್ನದಲ್ಲ, ಧೂಳು ತುಂಬಿದ ಫಿಲ್ಟರಿನದು ಎನ್ನಬಹುದಿತ್ತು. ಆದರೆ ಪರದೆಯ ಸಂದಿಯಿಂದ ಮಗಳ ಮುಖ ಕಂಡಿತು. "ಹಾಜಿಯವರೇ, ಇವತ್ತು ಕಾರಿನ ತಂತಿ ಸಿಕ್ಕಿಹಾಕಿಕೊಂಡಿತ್ತು. ನಾನು ಹಾಗೆ ಓಡಿಸೋನಲ್ಲ. ಈಗಲೇ ಸರಿ ಮಾಡಿಸ್ತೀನಿ. ವಾಪಸ್ ಬಿಡೋವಾಗ ನೀವೇ ನೋಡಿ," ಎಂದ.

"ಸರಿ," ಎಂದರು ಹಾಜಿ. "ಈ ಚಹಾ ಇಲ್ಲೇ ಇರಲಿ. ಬೆಳಗ್ಗೆ ನಾನು ನೋಡಿದ ಮನುಷ್ಯ ನನ್ನನ್ನ ಮನೆಗೆ ಬಿಟ್ರೆ, ಹಿರಿಯರನ್ನ ಕರಕೊಂಡು ಬಂದು ಕುಡೀತೀನಿ."

ಫಾಖಿರ್ ಓಣಿಗೆ ಓಡಿದ. ಮೂವರೂ ಇನ್ನೂ ಮರದಡಿಯಲ್ಲೇ ಇದ್ದರು.

"ಕಾರನ್ನ ಮತ್ತೆ ಕೆಡಿಸಬೇಕು. ಬೇಗ."

ಬದ್ರಿಯಾ ಖಾಲಾ ಅವನ ಹಣೆ ಮುಟ್ಟಿ ಜ್ವರ ನೋಡಿದಳು. ವಿಷಯ ಕೇಳಿದ ಮೇಲೆ ಓಣಿಯಲ್ಲಿ ಮಧ್ಯಾಹ್ನದ ಜಗಳ ತಿರುಗುಮುರುಗಾಯಿತು.

"ಮಂಜುಗಡ್ಡೆಯಿಂದ ಆಗಿದ್ದಲ್ಲ ಬಿಡು, ಅದು ಆಗಲೇ ಕರಗಿತ್ತು," ಎಂದ ದಾಖಿಲ್.

"ಹೊಗೆ ಹಾಕಿದ್ರೆ ಕಾರು ಓಡ್ತದಾ? ನಾನು ಹಾಗೆಲ್ಲಿ ಅಂದೆ?" ಎಂದಳು ಬದ್ರಿಯಾ ಖಾಲಾ.

"ನಾನು ಸ್ವಲ್ಪ ಧೂಳು ಕೊಡವಿದೆ ಅಷ್ಟೆ. ಯಾವುದರಿಂದ ಓಡಿತೋ ನನಗೂ ತಿಳೀಲಿಲ್ಲ," ಎಂದ ಹ್ರಾಂತ್. ಹಡಗಿನ ಎಂಜಿನ್ ಬಿಚ್ಚಿದ ಕೈಗಳು ಪಾಯಿಜಾಮದ ಜೇಬು ಸೇರಿದ್ದವು.

ಯಾವುದರಿಂದ ಎಂದು ತಿಳಿಯದ್ದರಿಂದ ಎಲ್ಲವನ್ನೂ ಮೊದಲಿನಂತೆ ಮಾಡಬೇಕಾಯಿತು. ತಗಡಿನ ಕೊಳವೆ ಹೊರಬಂತು, ಎಸಿಯ ಬೆಲ್ಟು ಮರದಿಂದ ಇಳಿಯಿತು, ತಂತಿ ಸಡಿಲಾಯಿತು. ರೇಷ್ಮೆಯ ಬಟ್ಟೆ ಹೊರಬಂದಾಗ ನಜ್ಲಾ ಅದನ್ನು ಗುರುತಿಸಿ ಬಾಗಿಲಿಗೆ ಒರಗಿಕೊಂಡಳು. ಹಳೆ ಫಿಲ್ಟರನ್ನು ಹಾಕುವ ಮೊದಲು ಹ್ರಾಂತ್ ತುಸು ಯೋಚಿಸಿ, ದಾರಿಯ ಒಂದು ಹಿಡಿ ಧೂಳನ್ನು ಅದಕ್ಕೆ ಸವರಿದ. "ತಟ್ಟಿದ್ದೆನಲ್ಲ, ಲೆಕ್ಕ ಸರಿಹೋಗಲಿ," ಎಂದ.

ಕಾರು ಹೊರಟಿತು. ಓಣಿಯ ಕೊನೆ ತಲುಪುವಷ್ಟರಲ್ಲಿ ಫಾಖಿರ್‌ಗೆ ಕಣ್ಣಲ್ಲಿ ನೀರು ಬಂತು. ಅದೇ ಏದುಸಿರು, ಅದೇ ತೂಕಡಿಕೆ. ಎಸಿ ತಣ್ಣಗೆ ಬೀಸುತ್ತಿತ್ತು. ಹಾಜಿಯವರ ನಿಲುವಂಗಿ ಆರತೊಡಗಿತು. ಸೇತುವೆಯ ಏರಿನಲ್ಲಿ ಕಾರು ನಡೆಯುವವರ ಜೊತೆ ನಡೆಯಿತು. ಹಿಂದೆ ಲಾರಿಗಳು ಸೇರಿ ಹಾರ್ನು ಹೊಡೆದವು. ಫಾಖಿರ್ ಕೈ ಎತ್ತಿ ಸಲಾಮು ಮಾಡಿದ.

"ಇದು," ಎಂದರು ಹಾಜಿ, ಸೀಟಿಗೆ ಒರಗಿ. "ಇದು ಮನುಷ್ಯ ಹೋಗೋ ರೀತಿ. ನಾಳಿದ್ದು ಹಿರಿಯರನ್ನ ಕರಕೊಂಡು ಬರ್ತೀನಿ."

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಅವರ ಹೆಂಡತಿಯ ದನಿ ಫಾಖಿರ್‌ಗೂ ಕೇಳುವಷ್ಟು ಜೋರಿತ್ತು. ನಲ್ಲಿಯಲ್ಲಿ ನೀರು ಬಂದಿದೆ. ಮಾಳಿಗೆಯ ತೊಟ್ಟಿ ತುಂಬಿ ಮೆಟ್ಟಿಲ ಮೇಲೆ ಹರಿಯುತ್ತಿದೆ. ಅತಿಥಿಕೋಣೆಯ ಕಂಬಳಿಗಳು ತೇಲುತ್ತಿವೆ. ಹಾಜಿ ಹಾಕಿಟ್ಟು ಬಂದ ಪಂಪು ನಿಲ್ಲಿಸೋಣವೆಂದರೆ ಅದರ ಕೋಣೆಗೆ ಬೀಗ, ಬೀಗದ ಕೈ ಎಲ್ಲಿ?

ಹಾಜಿ ಜೇಬು ಮುಟ್ಟಿಕೊಂಡರು. ಯಾರನ್ನೂ ನಂಬದ ಅವರು ಅದನ್ನು ಜೊತೆಗೇ ಇಟ್ಟುಕೊಂಡು ಬಂದಿದ್ದರು.

"ಫಾಖಿರ್, ಸ್ವಲ್ಪ ಬೇಗ."

"ಹಾಂ, ಹಾಜಿಯವರೇ."

"ಸ್ವಲ್ಪ ಅಂದ್ರೆ ಜಾಸ್ತೀನೇ. ಒತ್ತಪ್ಪ."

"ಪೂರ್ತಿ ಒತ್ತಿದೀನಿ."

"ಬರುವಾಗ ಹಾರಿಸಿದೆಯಲ್ಲ, ಹಾಗೆ ಹಾರಿಸು. ಆಂಬುಲೆನ್ಸ್ ಇದ್ರೂ ಪರವಾಗಿಲ್ಲ."

"ಅದು ಇನ್ನು ಹಾರಲ್ಲ ಹಾಜಿಯವರೇ," ಎಂದ ಫಾಖಿರ್ ಅಳುದನಿಯಲ್ಲಿ. "ಸರಿ ಮಾಡಿಸಿಬಿಟ್ಟೆ."

ಹಾಜಿ ಅವನನ್ನು ಒಮ್ಮೆ ನೋಡಿದರು. ಫೋನಿನಲ್ಲಿ ಹೆಂಡತಿ ನೀರು ಟಿವಿಯವರೆಗೂ ಬಂತು ಎಂದು ಕೂಗುತ್ತಿದ್ದಳು. ಮುಂದಿನ ಕ್ಷಣ ಅವರು ಓಡುತ್ತಿರುವ ಕಾರಿನ ಬಾಗಿಲು ತೆಗೆದು ಇಳಿದರು. ಕಾರು ಓಡುತ್ತಿದ್ದ ವೇಗಕ್ಕೆ ಅವರಿಗೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ಹಿಂದಿನಿಂದ ಕುರಿ ತುಂಬಿದ ಪಿಕಪ್ಪೊಂದು ಎಡಬಲ ಎನ್ನದೆ ನುಗ್ಗಿಬರುತ್ತಿತ್ತು. ಹಾಜಿ ಎರಡೂ ಕೈ ಚಾಚಿ ಅದರ ಮುಂದೆ ನಿಂತರು. ಅದು ಕಿರುಚುತ್ತ ನಿಂತಿತು. ಅವರು ಕುರಿಗಳ ನಡುವೆ ಹತ್ತಿ, ಡ್ರೈವರನ ತಲೆಯ ಹಿಂದಿನ ಗಾಜನ್ನು ಬಡಿದು, "ಓಡಿಸು ಮಗನೇ, ಯಾರಿಗೂ ಹೆದರಬೇಡ," ಎಂದರು. ಪಿಕಪ್ಪು ಸೇತುವೆಯ ನೆತ್ತಿ ದಾಟಿ ಮಾಯವಾಯಿತು.

ಫಾಖಿರ್ ಮನೆ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಬಾಗಿಲಲ್ಲಿ ನಜ್ಲಾ ಫೋನು ಹಿಡಿದು ಕಲ್ಲಿನಂತೆ ನಿಂತಿದ್ದಳು.

"ಹಾಜಿಯವರ ಹೆಂಡತಿ ಮಾಡಿದ್ರು. ಮನೆ ಉಳೀತಂತೆ. ಕುರಿ ಗಾಡಿಯವನು ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ತಲುಪಿಸಿದನಂತೆ. ಹಾಜಿ ಅವನನ್ನ ಒಳಗೆ ಕರೆದು, ತಾವೇ ಚಹಾ ಕೊಟ್ಟು, ಕಷ್ಟಕ್ಕಾಗೋನು ಅಂದ್ರೆ ನೀನು ಅಂದ್ರಂತೆ. ಆಮೇಲೆ..." ಅವಳು ಫೋನು ಕೆಳಗಿಟ್ಟಳು. "ನಿನಗೆ ಮಗಳಿದಾಳಾ ಅಂತ ಕೇಳಿದ್ರಂತೆ. ಇದಾಳೆ ಅಂದನಂತೆ."

ಫಾಖಿರ್ ಮೆಟ್ಟಿಲ ಮೇಲೆ ಕುಸಿದ. ಒಳಗಿನಿಂದ ಸೌಸನ್ ತನ್ನ ಫೋನು ಕಿವಿಯಿಂದ ತೆಗೆಯುತ್ತ ಬಂದಳು. ಅತ್ತ ಕಣ್ಣಿನಲ್ಲೇ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಪ್ಪ, ಮೈಸಮ್ ಮಾಡಿದ್ದ. ಆ ಹುಡುಗಿ ಇನ್ನೂ ಒಂದನೇ ಕ್ಲಾಸಂತೆ."

ಮರದಡಿಯಿಂದ ದಾಖಿಲ್, ಬದ್ರಿಯಾ ಖಾಲಾ, ಹ್ರಾಂತ್ ಮೂವರೂ ಒಟ್ಟಿಗೆ ಉಸಿರು ಬಿಟ್ಟರು.

"ಅದಕ್ಕೆ ಹಾಜಿಯವರು ನಮ್ಮ ಮನೇನ ಇನ್ನೊಂದು ಸಲ ನೋಡೋಣ ಅಂತಿದಾರಂತೆ," ಎಂದಳು ಸೌಸನ್. "ನಾಳೆ ಮಧ್ಯಾಹ್ನ ಕಾರು ತಗೊಂಡು ಬರಬೇಕಂತೆ ನೀವು."

ಹ್ರಾಂತ್ ಆಗಲೇ ಬಾನೆಟ್ ಎತ್ತಿದ್ದ. ಒಂದು ಕೈಯಲ್ಲಿ ತಗಡಿನ ಕೊಳವೆ ಹಿಡಿದು, ಇನ್ನೊಂದು ಕೈಯನ್ನು ಫಿಲ್ಟರಿನ ಡಬ್ಬಿಯ ಮೇಲಿಟ್ಟು ಅಪ್ಪಣೆಗಾಗಿ ಕಾಯುತ್ತಿದ್ದ.

ಫಾಖಿರ್ ತಲೆ ಎತ್ತಿ ಮಗಳನ್ನು ಕೇಳಿದ: "ಎಷ್ಟು ಸ್ಪೀಡಲ್ಲಿ ಬರಬೇಕಂತೆ?"

"ಅದನ್ನ ಮೈಸಮ್ಮೂ ಕೇಳಿದ್ನಂತೆ, ಅಪ್ಪ. ಬರಲಿ, ನೋಡಿ ಹೇಳ್ತೀನಿ ಅಂದ್ರಂತೆ."